ಸಹಾಯ ಬೇಕು: ಅಪ್ಪನ ಈ ಫೋಟೊ ಯಾವ ಊರಿನದು?

ಅಣ್ಣಾರ, ಅಕ್ಕಾರ, ನಾವು ಸಿಂಧನೂರಿನವರು. ಲಾರಿ ಓಡಿಸುತ್ತಿದ್ದ ಅಪ್ಪ ಚಹಾದಂಗಡಿ ಮುಂದೆ ನಿಂತಿರುವ ಈ ಫೋಟೊ ಎಲ್ಲಿಯದೆಂದು ಗೊತ್ತಾಗಬೇಕಿದೆ. ಲಾರಿ ನಂಬರು ಕೆಎ 36, ನಮ್ಮ ರಾಯಚೂರಿನದೇ. ಆದರೆ ಲಾರಿ ಎಲ್ಲಿಗೆ ಬೇಕಾದರೂ ಹೋಗಿರಬಹುದು. ಮೈಲಿಗಲ್ಲಿನ ತಲೆ ಹಸಿರು, ಅಂದರೆ ರಾಜ್ಯ ಹೆದ್ದಾರಿ. ರಾಷ್ಟ್ರೀಯ ಹೆದ್ದಾರಿಯಾಗಿದ್ದರೆ ಹಳದಿ ಇರುತ್ತಿತ್ತು. ಅಂಗಡಿ ಬೋರ್ಡು ಮಸುಕಾಗಿದೆ. ದೊಡ್ಡದು ಮಾಡಿ ನೋಡಿದರೆ ಅಕ್ಷರಗಳ ಮೇಲೆ ಟಿಕ್ ಹಾಕಿದಂಥ ತಲಕಟ್ಟು ಕಾಣುತ್ತದೆ. ಕನ್ನಡದ್ದು ಹಾಗಿರುವುದಿಲ್ಲ, ಅದು ತೆಲುಗೇ. ಹಾಗಾಗಿ ಆಂಧ್ರದ ಆದವಾನಿ ಕಡೆ ಅನಿಸುತ್ತದೆ. ಹಿಂದಿನ ಬಂಡೆಗುಡ್ಡವೊಂದನ್ನೇ ನೋಡಿದರೆ ಬಳ್ಳಾರಿ, ಕೊಪ್ಪಳವೂ ಆಗಬಹುದು. ಆ ದಾರಿಯಲ್ಲಿ ಓಡಾಡುವವರು ಗುಡ್ಡದ ಆಕಾರ ನೋಡಿ ಹೇಳಿರಿ. ಅಪ್ಪ ಈಗಿಲ್ಲ. ಅವ್ವನನ್ನು ಒಮ್ಮೆ ಅಲ್ಲಿಗೆ ಕರಕೊಂಡು ಹೋಗಬೇಕು.