ಸಣ್ಣ ಗುಂಪಿನ ಚರ್ಚೆ ಶುರು ಮಾಡೋದು ಹೆಂಗೆ? ಎಲ್ರೂ ಮುಖ ಮುಖ ನೋಡ್ತಾ ಕೂತ್ಕೋತಾರೆ

ಜಗಲಿಕಟ್ಟೆ (ತೀರ್ಥಹಳ್ಳಿ ಕಡೆ)
ಎಲೆಚುಕ್ಕೆ ರೋಗ ಬಂದ್ಮೇಲೆ ನಮ್ಮೂರಲ್ಲಿ ಅಡಿಕೆ ಬೆಳೆಗಾರರು 12-14 ಜನ ತಿಂಗಳಿಗೊಂದ್ಸಲ ಒಬ್ಬೊಬ್ರ ಮನೆ ಜಗಲೀಲಿ ಸೇರ್ತೀವಿ. ಓದಿದೋನು ಅಂತ ನಡೆಸೋ ಕೆಲಸ ನನ್ ತಲೆಗೆ ಕಟ್ಟಿದಾರೆ. ಹೋದ್ಸಲ "ಎಲೆಚುಕ್ಕೆ ಬಗ್ಗೆ ನಿಮ್ಮೆಲ್ರ ಅಭಿಪ್ರಾಯ ಹೇಳಿ" ಅಂದೆ ನೋಡಿ, ಮಳೆ ಸದ್ದು, ಅಡಕತ್ತರಿ ಸದ್ದು ಬಿಟ್ರೆ ಬೇರೆ ಎಂತದೂ ಇಲ್ಲ. ಆಮೇಲೆ ದೊಡ್ಡ ತೋಟದವ್ರೊಬ್ರು ರಾಶಿ ಇಡಿ ಅಡಿಕೆ ರೇಟು ಎತ್ತಿದ್ರು, ಅಲ್ಲಿಗೆ ಮುಗೀತು, ಮುಕ್ಕಾಲು ಗಂಟೆ ಅದೇ. ಹೆಂಗಸ್ರು ಮೂರು ಜನ ಬಂದಿದ್ರು, ಬಾಯೇ ಬಿಡ್ಲಿಲ್ಲ. ಈ ಭಾನುವಾರ ಮತ್ತೆ ಇದೆ, ಎಂತ ಮಾಡೋದು?

ಸಾಗರದ ಟೀಚರ್
"ಅಭಿಪ್ರಾಯ ಹೇಳಿ" ಅಂದ್ರೆ ನಾನೂ ಸುಮ್ನೆ ಕೂರ್ತಿದ್ದೆ, ತಪ್ಪು ಹೇಳಿದ್ರೆ ನಾಳೆ ಊರೆಲ್ಲ ಆಡ್ಕೋತಾರೆ ಅಲ್ವಾ. ಕಣ್ಣಾರೆ ಕಂಡಿದ್ದನ್ನ ಕೇಳಿ. ಚುಕ್ಕೆ ಬಿದ್ದ ಸೋಗೆ (ಅಡಿಕೆ ಗರಿ) ಒಂದು ತಗೊಂಡೋಗಿ ಮಧ್ಯ ಹಾಕಿ, ನಿಮ್ಮ ತೋಟದಲ್ಲಿ ಮೊದ್ಲು ಯಾವ ಮೂಲೇಲಿ ಕಾಣಿಸ್ತು ಅಂತ ಕೇಳಿ. ಕೇಳಿದ್ಮೇಲೆ ಬಾಯಿ ಮುಚ್ಕೊಂಡಿರಿ, ಕಷ್ಟ ಇರೋದು ಇದೇ. ಮೇರಿ ಬಡ್ ರೋ ಅಂತ ಅಮೆರಿಕದ ಸಂಶೋಧಕಿ 1970ರ ದಶಕದಲ್ಲೇ ಕ್ಲಾಸ್‌ಗಳ ರೆಕಾರ್ಡಿಂಗ್ ಕೇಳಿ ಲೆಕ್ಕ ಹಾಕಿದ್ರು, ಟೀಚರ್‌ಗಳು ಪ್ರಶ್ನೆ ಕೇಳಿ ಕಾಯೋದು ಹೆಚ್ಚುಕಮ್ಮಿ 1 ಸೆಕೆಂಡ್ ಅಷ್ಟೇ, 3 ಸೆಕೆಂಡ್ ಕಾದ್ರೆ ಉತ್ತರ ಉದ್ದ ಬರುತ್ತೆ, ಯಾವತ್ತೂ ಮಾತಾಡ್ದಿರೋ ಮಕ್ಳೂ ಮಾತಾಡ್ತವೆ.

ಕವಳದ ತಟ್ಟೆ
ಟೀಚರೇ ಎಲ್ಲ ಸರಿ, ರೋಗದ ಸೋಗೆ ಹೊತ್ಕೊಂಡು ಇನ್ನೊಬ್ರ ತೋಟಕ್ಕೆ ಹೋಗೋಕೆ ಹೇಳ್ತೀರಲ್ಲ ಮಾರಾಯ್ರೆ 😄 ಆ ಮನೆ ತೋಟದ್ದೇ ಕೊಯ್ದು ಹಾಕಿ, ಆಮೇಲೆ ಸುಟ್ಬಿಡಿ. 3 ಸೆಕೆಂಡ್ ನಮ್ಮ ಕಡೆ ಸಾಲಲ್ಲ, ಒಂದು ಎಲೆಅಡಿಕೆ ಕವಳ ಹಾಕೋವಷ್ಟು ಹೊತ್ತು ಬಿಡಿ.

ಸಂಘದ ಅಕ್ಕ, ಹೊಸನಗರ
ತಮ್ಮಾ, ಹೆಂಗಸ್ರು ಬಾಯಿ ಬಿಡ್ಲಿಲ್ಲ ಅಂತೀಯಲ್ಲ, ಬಿಡೋಕೆ ಜಾಗ ಎಲ್ಲಿತ್ತು? ನಮ್ಮ ಸ್ವಸಹಾಯ ಸಂಘದಲ್ಲಿ 16 ಜನ ಇದೀವಿ, ಮೊದ್ಲು ಇಬ್ಬಿಬ್ರೇ ಐದು ನಿಮಿಷ ಮಾತಾಡ್ಕೊಳಿ ಅಂತ ಬಿಡ್ತೀವಿ, ಆಮೇಲೆ ಪಕ್ಕದವ್ರು ಹೇಳಿದ್ದನ್ನ ಹೇಳ್ಬೇಕು. ತನ್ನ ಮಾತು ಹೇಳೋಕೆ ನಾಚೋರು ಇನ್ನೊಬ್ರ ಮಾತನ್ನ ಜೋರಾಗೇ ಹೇಳ್ತಾರೆ. ಆ ರೇಟಿನವ್ರನ್ನ ಎದುರಿಗೆ ಕೂರಿಸ್ಬೇಡ, ನಿನ್ನ ಪಕ್ಕಕ್ಕೇ ಕೂರಿಸ್ಕೋ, ಕಣ್ಣಿಗೆ ಕಣ್ಣು ಸಿಗದಿದ್ರೆ ಅರ್ಧ ಮಾತು ಕಮ್ಮಿ. ರೇಟಿಗೆ ಕೊನೇಲಿ ಹತ್ತು ನಿಮಿಷ ಅಂತ ಮೊದ್ಲೇ ಹೇಳ್ಬಿಡು.

ಜಗಲಿಕಟ್ಟೆ
ಭಾನುವಾರ ಮುಗೀತು. ಸೋಗೆ ಹಾಕಿ ಕೇಳ್ದೆ, ಸುಮ್ನೆ ಕೂತೆ, ಬೆವರು ಬಂತು. ಇಬ್ಬಿಬ್ರು ಮಾಡಿದ್ಮೇಲೆ ಸದ್ದು ಎಷ್ಟಾಯ್ತು ಅಂದ್ರೆ ನಿಲ್ಸೋದೇ ಕಷ್ಟ ಆಯ್ತು. ಹೋದ್ಸಲ ಮಾತೇ ಆಡದ ಒಬ್ರು ಅತ್ತಿಗೆ ಅವ್ರ ಮನೇಲಿ ಬೋರ್ಡೋ (ತೋಟಕ್ಕೆ ಹೊಡೆಯೋ ತುತ್ತ-ಸುಣ್ಣದ ಔಷಧಿ) ಕಲಸೋದು ಅವ್ರೇ ಅಂತೆ, ಅವ್ರ ಜೋಡಿ ಹೇಳಿದ್ಮೇಲೆ ಗೊತ್ತಾಗಿದ್ದು. 100 ಲೀಟರ್‌ಗೆ 1 ಕೆಜಿ ಮೈಲುತುತ್ತ 1 ಕೆಜಿ ಸುಣ್ಣ ಎಲ್ರಿಗೂ ಗೊತ್ತು, ಆದ್ರೆ ತುತ್ತದ ನೀರನ್ನ ಸುಣ್ಣದ ನೀರಿಗೆ ಹೊಯ್ಬೇಕು, ಉಲ್ಟಾ ಅಲ್ಲ, ಆಮೇಲೆ ಉಜ್ಜಿದ ಕತ್ತಿ ಅದ್ದಿ ನೋಡಿ, ಕೆಂಪಗಾದ್ರೆ ಸುಣ್ಣ ಸಾಲ್ದು ಅಂದ್ರು. ನಾಲ್ಕು ಜನ ಗಂಡಸ್ರು ಉಲ್ಟಾ ಹೊಯ್ತಿದ್ರು, ನಾನೂ ಸೇರಿ. ರೇಟಿನವ್ರು ಕೊನೇ ಹತ್ತು ನಿಮಿಷದಲ್ಲೂ ಕತ್ತಿ ವಿಷ್ಯನೇ ಕೇಳ್ತಿದ್ರು. ಮುಂದಿನ ತಿಂಗಳು ಅತ್ತಿಗೆ ಮನೇಲಿ, ಕಲಸಿ ತೋರಿಸ್ತಾರಂತೆ.