ನರವಿಜ್ಞಾನದ ಮುಕ್ತ ತಂತ್ರಾಂಶವನ್ನು ಬೇರೆ ಬೇರೆ ಲಿನಕ್ಸ್ ಯಂತ್ರಗಳಿಗೆ ತಲುಪಿಸುವುದು ಹೇಗೆ?

ಪ್ರಶ್ನೆ: ಅಧ್ಯಾಪಕಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಎಲೆಕ್ಟ್ರೋಡ್ ಮೂಲಕ ದಾಖಲಾದ ಮಿದುಳಿನ ಸಂಕೇತಗಳಿಂದ ನರಕೋಶಗಳ ಮಿಡಿತಗಳನ್ನು ಹೆಕ್ಕಿ, ಯಾವ ಮಿಡಿತ ಯಾವ ಕೋಶದ್ದೆಂದು ವಿಂಗಡಿಸಿಕೊಡುವ ತಂತ್ರಾಂಶವೊಂದನ್ನು ನಮ್ಮ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಗಳೂ ನಾನೂ ಸೇರಿ ಬರೆದಿದ್ದೇವೆ. ಲೆಕ್ಕಾಚಾರದ ಭಾಗ ಸಿ++ನಲ್ಲಿದೆ, ಬಳಕೆದಾರರು ಮುಟ್ಟುವ ಭಾಗ ಪೈಥಾನ್‌ನಲ್ಲಿದೆ. ಪರವಾನಗಿ ಜಿಪಿಎಲ್ 3, ಅಂದರೆ ಮುಕ್ತ ತಂತ್ರಾಂಶದ ಪರವಾನಗಿ. ಊರಿನ ವೈದ್ಯಕೀಯ ಕಾಲೇಜಿನ ಶರೀರಕ್ರಿಯಾ ವಿಭಾಗದವರೂ ಚಿತ್ರದುರ್ಗದ ಕೆಲವು ಸಂಶೋಧನಾ ವಿದ್ಯಾರ್ಥಿಗಳೂ ಇದನ್ನು ಕೇಳುತ್ತಿದ್ದಾರೆ. ಆದರೆ ಅವರ ಯಂತ್ರಗಳಲ್ಲಿ ಅದನ್ನು ಇನ್‌ಸ್ಟಾಲ್ ಮಾಡಿಕೊಡುವಷ್ಟರಲ್ಲಿ ಸಾಕುಸಾಕಾಗುತ್ತದೆ.

ನಮ್ಮ ಪ್ರಯೋಗಾಲಯದಲ್ಲಿ ಉಬುಂಟು 22.04 ಇದೆ. ವಿದ್ಯಾರ್ಥಿಗಳ ಲ್ಯಾಪ್‌ಟಾಪ್‌ಗಳಲ್ಲಿ ಉಬುಂಟು 24.04, ಡೆಬಿಯನ್ 12, ಕೆಲವರ ಬಳಿ ಫೆಡೋರಾ ಇವೆ. 24.04ರಲ್ಲಿ ಕಂಪೈಲ್ ಮಾಡಿದ ಕಡತವನ್ನು ಪ್ರಯೋಗಾಲಯಕ್ಕೆ ಒಯ್ದರೆ ‘ಜಿಲಿಬ್‌ಸಿ 2.38 ಸಿಗಲಿಲ್ಲ’ ಎಂದು ನಿಲ್ಲುತ್ತದೆ. ಪ್ರಯೋಗಾಲಯದ ಹೊಸ ಯಂತ್ರದಲ್ಲೇ ಕಂಪೈಲ್ ಮಾಡಿ ಪಕ್ಕದ ಹಳೆಯ ಡೆಸ್ಕ್‌ಟಾಪ್‌ಗೆ ಹಾಕಿದರೆ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂಬ ಒಂದೇ ಸಾಲು ಬಂದು ಮುಗಿದುಹೋಗುತ್ತದೆ. ಡೆಬಿಯನ್ 12ರಲ್ಲಿ ಪೈಥಾನ್‌ನ ಇನ್‌ಸ್ಟಾಲ್ ಸಾಧನವಾದ ಪಿಪ್ ಮೂಲಕ ಹಾಕಲು ಹೋದರೆ ಪೈಥಾನ್ ಪರಿಸರವನ್ನು ಹೊರಗಿನವರು ನಿರ್ವಹಿಸುತ್ತಿದ್ದಾರೆಂದು ಹೇಳಿ ಪಿಪ್ ಒಪ್ಪುವುದೇ ಇಲ್ಲ.

ಡೆಬಿಯನ್ ಮತ್ತು ಉಬುಂಟುಗಳ ಡೆಬ್ ಪ್ಯಾಕೇಜ್, ಫೆಡೋರಾದ ಆರ್‌ಪಿಎಂ ಪ್ಯಾಕೇಜ್, ಯಾವ ಡಿಸ್ಟ್ರೋದಲ್ಲೂ (ಲಿನಕ್ಸ್ ವಿತರಣೆಯಲ್ಲೂ) ನಡೆಯುವ ಕೊಂಡಾ, ಇಡೀ ಪರಿಸರವನ್ನೇ ಕಟ್ಟಿಕೊಡುವ ಕಂಟೇನರ್ ಇವುಗಳಲ್ಲಿ ಯಾವುದನ್ನು ಹಿಡಿಯಬೇಕು? ಇದರ ಜೊತೆಗೆ ನರಕೋಶಗಳ ವರ್ತನೆಯನ್ನು ಅನುಕರಿಸುವ ನ್ಯೂರಾನ್ ಮತ್ತು ಬ್ರಯಾನ್ ಸಿಮ್ಯುಲೇಟರ್‌ಗಳನ್ನೂ ವಿದ್ಯಾರ್ಥಿಗಳಿಗೆ ಒಟ್ಟಿಗೆ ಕೊಡಬೇಕಾಗಿದೆ. ಕಾಲೇಜಿನ ಇಂಟರ್ನೆಟ್ ನಿಧಾನ, ಮಧ್ಯೆ ಕರೆಂಟ್ ಹೋದರೆ ಡೌನ್‌ಲೋಡ್ ಅರ್ಧಕ್ಕೇ ನಿಲ್ಲುತ್ತದೆ ಎಂಬುದನ್ನೂ ಗಮನದಲ್ಲಿಟ್ಟು ಸಲಹೆ ಕೊಟ್ಟರೆ ಉಪಕಾರವಾಗುತ್ತದೆ.

ಉತ್ತರ: ಪ್ಯಾಕೇಜ್ ನಿರ್ವಾಹಕ, ಚಿತ್ರದುರ್ಗ

ಮೇಡಂ, ನಮಸ್ಕಾರ. ತಾವು ಹೇಳಿದ ಮೂರು ದೋಷಗಳಿಗೂ ಬೇರೆ ಬೇರೆ ಕಾರಣಗಳಿವೆ. ಅವನ್ನು ಬಿಡಿಸಿಕೊಂಡರೆ ಯಾವ ದಾರಿ ಹಿಡಿಯಬೇಕೆಂಬುದು ಅರ್ಧ ತೀರ್ಮಾನವಾದಂತೆಯೇ.

ಜಿಲಿಬ್‌ಸಿ ಎಂಬುದು ಲಿನಕ್ಸಿನ ಮೂಲ ಸಿ ಲೈಬ್ರರಿ. ಹಳೆಯ ಜಿಲಿಬ್‌ಸಿಗೆ ಕಟ್ಟಿದ ಕಡತ ಹೊಸದರ ಮೇಲೆ ಓಡುತ್ತದೆ, ಹೊಸದಕ್ಕೆ ಕಟ್ಟಿದ್ದು ಹಳೆಯದರ ಮೇಲೆ ಓಡುವ ಖಾತ್ರಿ ಇಲ್ಲ. ಉಬುಂಟು 22.04ರಲ್ಲಿ ಇರುವುದು 2.35, ಡೆಬಿಯನ್ 12ರಲ್ಲಿ 2.36, ಉಬುಂಟು 24.04ರಲ್ಲಿ 2.39. ಹಾಗಾಗಿ ಎಲ್ಲರಿಗೂ ಹಂಚುವ ಕಡತವನ್ನು ಇರುವುದರಲ್ಲೇ ಹಳೆಯ ವ್ಯವಸ್ಥೆಯಲ್ಲಿ ಕಟ್ಟಬೇಕು. ಪೈಥಾನ್ ಲೋಕದಲ್ಲಿ ಮೆನಿಲಿನಕ್ಸ್ ಎಂಬ ಏರ್ಪಾಡು ಇರುವುದು ಇದಕ್ಕಾಗಿಯೇ. ಮೆನಿಲಿನಕ್ಸ್ 2_28 ಕಂಟೇನರ್ ಅಲ್ಮಾಲಿನಕ್ಸ್ 8ರ ಮೇಲೆ ನಿಂತಿದೆ, ಅದರ ಜಿಲಿಬ್‌ಸಿ 2.28. ಸಿಬಿಲ್ಡ್‌ವೀಲ್ ಎಂಬ ಸಾಧನದ ಮೂಲಕ ಆ ಕಂಟೇನರ್‌ನೊಳಗೆ ವೀಲ್ ಕಡತ (ಪಿಪ್ ನೇರವಾಗಿ ಹಾಕಬಲ್ಲ, ಮೊದಲೇ ಕಟ್ಟಿದ ಪ್ಯಾಕೇಜ್) ತಯಾರಿಸಿದರೆ ತಮ್ಮ ಪಟ್ಟಿಯಲ್ಲಿರುವ ಎಲ್ಲ ವ್ಯವಸ್ಥೆಗಳಲ್ಲೂ ಅದು ಕೆಲಸ ಮಾಡುತ್ತದೆ.

ಎರಡನೆಯ ದೋಷಕ್ಕೆ ತಮ್ಮ ಬಿಲ್ಡ್ ಕಡತದಲ್ಲಿರುವ ‘ಮಾರ್ಚ್ ನೇಟಿವ್’ ಆಯ್ಕೆ ಕಾರಣವಿರಬೇಕು. ಕಂಪೈಲ್ ಆಗುವ ಯಂತ್ರದ ಪ್ರೊಸೆಸರ್‌ಗೆ ಏನೇನು ಬರುತ್ತದೋ ಅದೆಲ್ಲವನ್ನೂ ಬಳಸಿಕೊಳ್ಳಲು ಅದು ಕಂಪೈಲರ್‌ಗೆ ಅನುಮತಿ ಕೊಡುತ್ತದೆ. ಒಮ್ಮೆಗೇ ಹಲವು ಸಂಖ್ಯೆಗಳ ಲೆಕ್ಕ ಮಾಡುವ ಎವಿಎಕ್ಸ್2 ಆದೇಶಗಳು ಇಂಟೆಲ್ ಪ್ರೊಸೆಸರ್‌ಗಳಿಗೆ ಬಂದದ್ದು 2013ರಲ್ಲಿ. ಅದಾದ ಮೇಲೂ ಹಲವು ವರ್ಷ ಪೆಂಟಿಯಂ, ಸೆಲೆರಾನ್ ಹೆಸರಿನ ಅಗ್ಗದ ಪ್ರೊಸೆಸರ್‌ಗಳಲ್ಲಿ ಅವು ಇರಲಿಲ್ಲ. ಕಾಲೇಜು ಪ್ರಯೋಗಾಲಯಗಳಲ್ಲಿ ಇರುವುದು ಹೆಚ್ಚಾಗಿ ಇಂಥವೇ. ವಿಜ್ಞಾನದ ತಂತ್ರಾಂಶ ಬರೆಯುವವರಲ್ಲಿ ಈ ಆಯ್ಕೆಯನ್ನು ಕಣ್ಣುಮುಚ್ಚಿ ಸೇರಿಸುವ ರೂಢಿ ಬಹಳ ಇದೆ, ಡೆಬಿಯನ್ ಮತ್ತು ಫೆಡೋರಾದ ನಿರ್ವಾಹಕರು ಅದನ್ನು ಕಂಡಲ್ಲಿ ತೆಗೆದುಹಾಕುತ್ತಾರೆ. ವೇಗ ಬೇಕೇ ಬೇಕಿದ್ದರೆ ಲೆಕ್ಕದ ಮುಖ್ಯ ಫಂಕ್ಷನ್ನಿಗೆ ಎರಡು ರೂಪಗಳನ್ನು ಕಟ್ಟಿ, ಓಡುವಾಗ ಪ್ರೊಸೆಸರ್ ನೋಡಿ ಆರಿಸಿಕೊಳ್ಳುವಂತೆ ಮಾಡಬಹುದು.

ಮೂರನೆಯದು ದೋಷವೇ ಅಲ್ಲ, ರಕ್ಷಣೆ. ಪಿಇಪಿ 668 ಎಂಬ ಪೈಥಾನ್ ನಿಯಮಾವಳಿಯ ಪ್ರಕಾರ ಡೆಬಿಯನ್ 12ರಿಂದ ಸಿಸ್ಟಂ ಪೈಥಾನ್ ಒಳಗೆ ಪಿಪ್ ಕೈಹಾಕುವಂತಿಲ್ಲ, ಏಕೆಂದರೆ ಅಲ್ಲಿನ ಪೈಥಾನ್ ಪ್ಯಾಕೇಜ್‌ಗಳು ಡೆಬಿಯನ್ನಿನ ಇನ್‌ಸ್ಟಾಲ್ ಸಾಧನವಾದ ಆಪ್ಟ್‌ನ ಸುಪರ್ದಿಯಲ್ಲಿವೆ. ವಿದ್ಯಾರ್ಥಿಗಳು ವೀಎನ್ವಿ ಮೂಲಕ ಪ್ರತ್ಯೇಕ ಪರಿಸರ ಮಾಡಿಕೊಂಡು ಅದರಲ್ಲಿ ಹಾಕಿಕೊಳ್ಳಲಿ. ಆ ತಡೆಯನ್ನು ಮುರಿಯುವ ಆಯ್ಕೆಯನ್ನು ಯಾರಿಗೂ ದಯವಿಟ್ಟು ಹೇಳಿಕೊಡಬೇಡಿ.

ಇನ್ನು ಡೆಬ್ ಅಥವಾ ಆರ್‌ಪಿಎಂ ವಿಚಾರ. ಒಮ್ಮೆ ತಯಾರಿಸುವುದು ಕಷ್ಟವಲ್ಲ, ಕಾಯ್ದುಕೊಂಡು ಬರುವುದು ಕಷ್ಟ. ಫೆಡೋರಾ ಸುಮಾರು ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬಿಡುತ್ತದೆ, ಒಂದೊಂದಕ್ಕೂ ಸುಮಾರು ಹದಿಮೂರು ತಿಂಗಳ ಆಸರೆ ಮಾತ್ರ. ಡೆಬಿಯನ್ ಸ್ಟೇಬಲ್ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಪ್ರತಿ ಸಲವೂ ಪೈಥಾನ್ ಬದಲಾಗುತ್ತದೆ, ಕಂಪೈಲರ್ ಬದಲಾಗುತ್ತದೆ, ನಮ್ಮ ಪ್ಯಾಕೇಜ್ ಎಲ್ಲೋ ಒಂದು ಕಡೆ ಮುರಿಯುತ್ತದೆ. ಈಗಿನ ವಿದ್ಯಾರ್ಥಿಗಳು ಪದವಿ ಮುಗಿಸಿ ಹೋದ ಮೇಲೆ ಅದನ್ನು ಯಾರು ಸರಿಪಡಿಸುತ್ತಾರೆ ಎಂದು ಕೇಳಿಕೊಂಡು ಹೊರಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಡೆಬಿಯನ್ ಮತ್ತು ಉಬುಂಟುಗಳಿಗೆ ನ್ಯೂರೋಡೆಬಿಯನ್, ಫೆಡೋರಾಗೆ ನ್ಯೂರೋಫೆಡೋರಾ ಎಂಬ ಸ್ವಯಂಸೇವಕರ ತಂಡಗಳು ನರವಿಜ್ಞಾನದ ತಂತ್ರಾಂಶಗಳಿಗಾಗಿಯೇ ಕೆಲಸ ಮಾಡಿಕೊಂಡು ಬಂದಿವೆ. ಅವರ ಕೈಗೆ ಒಪ್ಪಿಸಬಹುದಾದಷ್ಟು ಅಚ್ಚುಕಟ್ಟಾಗಿ ಮೂಲವನ್ನು ಇಟ್ಟುಕೊಳ್ಳುವುದು ತಾವು ಮಾಡಬೇಕಾದ ಮೊದಲ ಕೆಲಸ.

ಅಚ್ಚುಕಟ್ಟು ಎಂದರೆ ಏನೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಡೆಬ್ ಕಟ್ಟಲು ಮೂಲದೊಳಗೆ ‘ಡೆಬಿಯನ್’ ಎಂಬ ಫೋಲ್ಡರ್ ಬೇಕು, ಅದರಲ್ಲಿ ಕಂಟ್ರೋಲ್, ರೂಲ್ಸ್, ಚೇಂಜ್‌ಲಾಗ್, ಕಾಪಿರೈಟ್ ಎಂಬ ಕಡತಗಳಿರಬೇಕು. ಹೊಸಬರು ರೂಲ್ಸ್ ಕಡತಕ್ಕೆ ಹೆದರುತ್ತಾರೆ, ಆದರೆ ಸಮಯ ತಿನ್ನುವುದು ಕಾಪಿರೈಟ್ ಕಡತ. ಯಾವ ಕಡತ ಯಾರದು, ಯಾವ ಪರವಾನಗಿಯದು ಎಂಬುದನ್ನೆಲ್ಲ ಅಲ್ಲಿ ಬರೆಯಬೇಕು, ಡೆಬಿಯನ್ನಿಗೆ ಹೊಸದಾಗಿ ಸೇರುವ ಪ್ಯಾಕೇಜ್‌ನಲ್ಲಿ ಮನುಷ್ಯರೊಬ್ಬರು ಕೂತು ಅದನ್ನು ಓದಿ ನೋಡುತ್ತಾರೆ. ತಮ್ಮ ಮೂಲದೊಳಗೆ ಮ್ಯಾಟ್ರಿಕ್ಸ್ ಲೆಕ್ಕದ ಐಗನ್ ಲೈಬ್ರರಿಯ ನಕಲೊಂದು ಸೇರಿಕೊಂಡಿದ್ದರೆ ಅದರ ಎಂಪಿಎಲ್ ಪರವಾನಗಿಯನ್ನೂ ಕಾಣಿಸಬೇಕಾಗುತ್ತದೆ. ನಕಲನ್ನು ತೆಗೆದು, ಡಿಸ್ಟ್ರೋದಲ್ಲೇ ಇರುವ ಐಗನ್ ಬಳಸುವಂತೆ ಮಾಡಿದರೆ ಆ ತೊಡಕೇ ಇರುವುದಿಲ್ಲ.

ನ್ಯೂರಾನ್ ಬಗ್ಗೆ ಒಂದು ಮಾತು. ಅದರಲ್ಲಿ ಅಯಾನ್ ಚಾನೆಲ್‌ಗಳ ವರ್ಣನೆಯನ್ನು ಮಾಡ್ ಕಡತಗಳಲ್ಲಿ ಬರೆದು, ಎನ್‌ಆರ್‌ಎನ್‌ಐವಿಮಾಡ್ಲ್ ಎಂಬ ಸಾಧನದಿಂದ ಬಳಕೆದಾರರ ಯಂತ್ರದಲ್ಲೇ ಕಂಪೈಲ್ ಮಾಡಬೇಕಾಗುತ್ತದೆ. ಆದ್ದರಿಂದ ಪಿಪ್‌ನಿಂದ ಹಾಕಿದರೂ ಅಲ್ಲಿ ಸಿ++ ಕಂಪೈಲರ್ ಇರಲೇಬೇಕು. ಬ್ರಯಾನ್ 2 ಕೂಡ ಓಡುವಾಗಲೇ ಕೋಡ್ ಹುಟ್ಟಿಸಿಕೊಳ್ಳುತ್ತದೆ, ಕಂಪೈಲರ್ ಇಲ್ಲದಿದ್ದರೆ ಪೈಥಾನ್‌ನ ಗಣಿತ ಲೈಬ್ರರಿ ನಂಪೈ ಆಸರೆಯಲ್ಲಿ ನಿಧಾನವಾಗಿ ನಡೆಯುತ್ತದೆ.

ಉತ್ತರ: ಮಿದುಳಿನ ಎಂಆರ್‌ಐ ವಿಶ್ಲೇಷಣೆಯಲ್ಲಿರುವವರು, ಮೂಲತಃ ಹರಿಹರ

ಚಿತ್ರದುರ್ಗದ ಸರ್ ಹೇಳಿದ್ದನ್ನು ಒಪ್ಪುತ್ತೇನೆ, ಆದರೂ ಕಂಟೇನರ್ ಪರವಾಗಿ ಮಾತಾಡುವುದು ಅಗತ್ಯ. ಎಂಆರ್‌ಐ ಕೆಲಸದಲ್ಲಿ ಡಿಸ್ಟ್ರೋ ರೆಪಾಸಿಟರಿಗಳನ್ನಷ್ಟೇ ನಂಬಿಕೊಂಡು ಇರಲಾಗುವುದಿಲ್ಲ. ಮಿದುಳಿನ ಚಿತ್ರಗಳನ್ನು ವಿಶ್ಲೇಷಿಸುವ ಎಫ್‌ಎಸ್‌ಎಲ್ ತಂತ್ರಾಂಶದ ಮೂಲ ಸಿಗುತ್ತದೆ, ಆದರೆ ಅದರ ಪರವಾನಗಿ ವಾಣಿಜ್ಯ ಬಳಕೆಯನ್ನು ತಡೆಯುವುದರಿಂದ ಡೆಬಿಯನ್ನಿನ ಮುಖ್ಯ ಭಾಗಕ್ಕೆ ಅದು ಸೇರುವಂತಿಲ್ಲ. ಅದೇ ಬಗೆಯ ಫ್ರೀಸರ್ಫರ್ ಬಳಸಲು ನೋಂದಾಯಿಸಿಕೊಂಡು ಲೈಸೆನ್ಸ್ ಕಡತ ಪಡೆಯಬೇಕು. ಎಸ್‌ಪಿಎಂ ಜಿಪಿಎಲ್ ಅಡಿಯಲ್ಲಿದ್ದರೂ ಮ್ಯಾಟ್‌ಲ್ಯಾಬ್ ಮೇಲೆ ನಿಂತಿದೆ. ಇವೆಲ್ಲವೂ ಒಂದೇ ವಿಶ್ಲೇಷಣೆಯಲ್ಲಿ ಸಾಲಾಗಿ ಬರುತ್ತವೆ.

ಇಂಥಲ್ಲಿ ಆಪ್ಟೇನರ್ ಎಂಬ ಕಂಟೇನರ್ ಸಾಧನ ಬಹಳ ಒಳ್ಳೆಯದು. ಇಡೀ ಪರಿಸರ ಒಂದೇ ಎಸ್‌ಐಎಫ್ ಕಡತದಲ್ಲಿರುತ್ತದೆ, ಅದನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಬಹುದು, ಓಡಿಸಲು ರೂಟ್ ಅಧಿಕಾರ ಬೇಡ. ನ್ಯೂರೋಡೆಸ್ಕ್ ಯೋಜನೆ ಹೀಗೆಯೇ ಒಂದೊಂದು ತಂತ್ರಾಂಶಕ್ಕೂ ಒಂದೊಂದು ಕಂಟೇನರ್ ಮಾಡಿ ಕೊಡುತ್ತದೆ. ಆದರೆ ಮೇಡಂ ಅವರ ತಂತ್ರಾಂಶ ಸಣ್ಣದು, ಪೂರ್ತಿ ಮುಕ್ತವಾದದ್ದು. ಅದನ್ನು ಕಂಟೇನರ್‌ನಲ್ಲಿ ಮಾತ್ರ ಹಂಚಿದರೆ ವಿದ್ಯಾರ್ಥಿಗಳಿಗೆ ಒಳಗಿನ ಕೋಡ್ ತೆರೆದು ತಿದ್ದಿ ನೋಡುವ ಅವಕಾಶ ದೂರವಾಗುತ್ತದೆ, ಅದು ನನಗೆ ಸರಿಕಾಣದು. ವೀಲ್ ಮೊದಲು ಬರಲಿ, ಆಮೇಲೆ ಕೊಂಡಾದ ಸಮುದಾಯ ರೆಪಾಸಿಟರಿಯಾದ ಕೊಂಡಾ-ಫೋರ್ಜ್, ಕಂಟೇನರ್ ಹೆಚ್ಚುವರಿಯಾಗಿ ಇರಲಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಮನಃಪೂರ್ವಕ ಧನ್ಯವಾದ. ‘ಮಾರ್ಚ್ ನೇಟಿವ್’ ನಮ್ಮ ಬಿಲ್ಡ್ ಕಡತದಲ್ಲಿ ಇದ್ದೇ ಇದೆ. ಇನ್ನೆರಡು ಸಂದೇಹಗಳು ಉಳಿದಿವೆ. ಇಂಟರ್ನೆಟ್ ನಿಧಾನವಿರುವ ಪ್ರಯೋಗಾಲಯದ ಎಲ್ಲ ಯಂತ್ರಗಳಿಗೂ ಒಮ್ಮೆಗೇ ಮುಟ್ಟಿಸುವುದು ಹೇಗೆ? ಮತ್ತೊಂದು, ಒಂದೇ ದಾಖಲೆಯನ್ನು ಎರಡು ಯಂತ್ರಗಳಲ್ಲಿ ಓಡಿಸಿದಾಗ ಮಿಡಿತಗಳ ಎಣಿಕೆ ಒಂದೇ ಬಂದರೂ ಹೋಲಿಕೆಯ ಅಂಕಗಳು ಕೊನೆಯ ದಶಮಾಂಶಗಳಲ್ಲಿ ಬೇರೆಯಾಗುತ್ತಿವೆ. ಇದನ್ನು ನಂಬಬಹುದೇ?

ಉತ್ತರ: ಪ್ರಯೋಗಾಲಯ ನಿರ್ವಾಹಕ, ದಾವಣಗೆರೆ

ಮೇಡಂ, ಮೊದಲ ಸಂದೇಹಕ್ಕೆ ನಾನು ಉತ್ತರಿಸುತ್ತೇನೆ. ಒಂದು ಯಂತ್ರವನ್ನು ಯುಪಿಎಸ್ ಮೇಲಿಟ್ಟು ಅದರಲ್ಲಿ ಆಪ್ಟ್-ಕ್ಯಾಶರ್-ಎನ್‌ಜಿ ಹಾಕಿ, ಉಳಿದ ಯಂತ್ರಗಳ ಆಪ್ಟ್ ಅದರ 3142ನೇ ಪೋರ್ಟ್ ಮೂಲಕ ಹೋಗುವಂತೆ ಮಾಡಿ. ಒಂದು ಪ್ಯಾಕೇಜ್ ಹೊರಗಿನಿಂದ ಒಮ್ಮೆ ಇಳಿದರೆ ಸಾಕು, ಮಿಕ್ಕ ಯಂತ್ರಗಳಿಗೆ ಒಳಗಿನ ನೆಟ್‌ವರ್ಕ್‌ನಿಂದಲೇ ಸಿಗುತ್ತದೆ. ತಮ್ಮದೇ ಡೆಬ್ ಕಡತಗಳಿಗೆ ಆಪ್ಟ್ಲಿ ಅಥವಾ ರೆಪ್ರೆಪ್ರೋ ಬಳಸಿ ಸ್ವಂತ ರೆಪಾಸಿಟರಿ ಕಟ್ಟಬಹುದು. ಅದಕ್ಕೆ ಜಿಪಿಜಿ ಸಹಿ ಹಾಕಿ, ಕೀಲಿಯನ್ನು ಪ್ರತ್ಯೇಕ ಕಡತದಲ್ಲಿಟ್ಟು ಸೋರ್ಸಸ್ ಸಾಲಿನಲ್ಲಿ ‘ಸೈನ್ಡ್-ಬೈ’ ಎಂದು ಅದನ್ನೇ ತೋರಿಸಿ. ಹಳೆಯ ಆಪ್ಟ್-ಕೀ ವಿಧಾನ ಬೇಡ. ಸಹಿಯಿಲ್ಲದ ರೆಪಾಸಿಟರಿಯನ್ನು ನಂಬುವ ಅಭ್ಯಾಸವನ್ನು ವಿದ್ಯಾರ್ಥಿಗಳಿಗೆ ಕಲಿಸುವುದು ಸರಿಯಲ್ಲ.

ಇನ್‌ಸ್ಟಾಲ್ ಮಾಡದೆಯೇ ಸಿಮ್ಯುಲೇಶನ್ ಕಲಿಸಬೇಕಾದಾಗ ಫೆಡೋರಾದ ಕಾಂಪ್ ನ್ಯೂರೋ ಲ್ಯಾಬ್ ಲೈವ್ ಇಮೇಜ್ ಅನ್ನು ಪೆನ್‌ಡ್ರೈವ್‌ಗೆ ಬರೆದು ಕೊಡಬಹುದು. ಅದು 2020ರ ಫೆಡೋರಾ 32ರೊಂದಿಗೆ ಬಂತು.

ಉತ್ತರ: ಪ್ಯಾಕೇಜ್ ನಿರ್ವಾಹಕ, ಚಿತ್ರದುರ್ಗ

ಎರಡನೆಯ ಸಂದೇಹ ಪ್ಯಾಕೇಜಿಂಗ್‌ಗೆ ನೇರವಾಗಿ ಸಂಬಂಧಿಸಿದ್ದು. 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಫ್ರೀಸರ್ಫರ್ ಆವೃತ್ತಿ, ಯಂತ್ರ, ಆಪರೇಟಿಂಗ್ ಸಿಸ್ಟಂ ಇವು ಬದಲಾದರೆ ಮಿದುಳಿನ ಭಾಗಗಳ ಗಾತ್ರ ಮತ್ತು ತೊಗಟೆಯ ದಪ್ಪದ ಅಳತೆಗಳೂ ಬದಲಾಗುತ್ತವೆಂದು ತೋರಿಸಿತು. 2015ರ ಇನ್ನೊಂದು ಅಧ್ಯಯನ ಅದರ ಮೂಲಕ್ಕೇ ಕೈಹಾಕಿತು: ಜಿಲಿಬ್‌ಸಿಯ ಗಣಿತ ಫಂಕ್ಷನ್‌ಗಳು, ಅದರಲ್ಲೂ ಸಿಂಗಲ್ ಪ್ರಿಸಿಷನ್‌ನವು, ಆವೃತ್ತಿಯಿಂದ ಆವೃತ್ತಿಗೆ ಕೂದಲೆಳೆಯಷ್ಟು ಬೇರೆ ಉತ್ತರ ಕೊಡುತ್ತವೆ, ಉದ್ದನೆಯ ವಿಶ್ಲೇಷಣೆಯಲ್ಲಿ ಆ ವ್ಯತ್ಯಾಸ ಬೆಳೆಯುತ್ತದೆ.

ತಮ್ಮಲ್ಲಿ ಇನ್ನೂ ಹತ್ತಿರದ ಕಾರಣವೊಂದಿದೆ. ಹೊಸ ಪ್ರೊಸೆಸರ್‌ಗಳಲ್ಲಿ ಗುಣಾಕಾರ ಮತ್ತು ಸಂಕಲನವನ್ನು ಒಟ್ಟಿಗೆ ಮಾಡಿ ಒಮ್ಮೆ ಮಾತ್ರ ದುಂಡಾಗಿಸುವ ಎಫ್‌ಎಂಎ ಆದೇಶವಿದೆ. ‘ಮಾರ್ಚ್ ನೇಟಿವ್’ ಕೊಟ್ಟರೆ ಜಿಸಿಸಿ ಕಂಪೈಲರ್ ಕೇಳದೆಯೇ ಅದನ್ನು ಬಳಸುತ್ತದೆ, ಸಾಮಾನ್ಯ 64-ಬಿಟ್ ಗುರಿಗೆ ಕಟ್ಟಿದಾಗ ಬಳಸುವುದಿಲ್ಲ. ಹಾಗಾಗಿ ಒಂದೇ ಮೂಲ ಎರಡು ಯಂತ್ರಗಳಲ್ಲಿ ಎರಡು ಬಗೆಯಾಗಿ ದುಂಡಾಗಿಸಬಹುದು. ಆ ಆಯ್ಕೆಯನ್ನು ತೆಗೆದು, ಥ್ರೆಡ್‌ಗಳ ಸಂಖ್ಯೆಯನ್ನು ಒಂದಕ್ಕೆ ಇಳಿಸಿ, ಎರಡೂ ಕಡೆ ಮತ್ತೆ ಓಡಿಸಿ. ನಂತರ ಚಿಕ್ಕ ದಾಖಲೆಯೊಂದನ್ನು ಮೂಲದ ಜೊತೆಯಲ್ಲೇ ಇಟ್ಟು ಪರೀಕ್ಷೆ ಬರೆಯಿರಿ: ಮಿಡಿತಗಳ ಎಣಿಕೆ ಕರಾರುವಾಕ್ಕಾಗಿ ಹೊಂದಬೇಕು, ಅಂಕಗಳು ತಾವು ವೈಜ್ಞಾನಿಕವಾಗಿ ಒಪ್ಪುವ ಮಿತಿಯೊಳಗೆ ಹೊಂದಿದರೆ ಸಾಕು. ಅಂಥ ಪರೀಕ್ಷೆ ಇದ್ದರೆ ಡೆಬಿಯನ್ ಅದನ್ನು ಆಟೋಪಿಕೆಜಿಟೆಸ್ಟ್ ಮೂಲಕ, ಫೆಡೋರಾ ಸ್ಪೆಕ್ ಕಡತದ ಚೆಕ್ ವಿಭಾಗದಲ್ಲಿ ಓಡಿಸಬಲ್ಲವು, ಲೈಬ್ರರಿ ಬದಲಾಗಿ ಫಲಿತಾಂಶ ಕೆಟ್ಟರೆ ಬಳಕೆದಾರರಿಗೆ ಮುಟ್ಟುವ ಮುಂಚೆಯೇ ಗೊತ್ತಾಗುತ್ತದೆ. ಮತ್ತೆ ಓಡಿಸಿದ ಮೇಲೂ ವ್ಯತ್ಯಾಸ ಉಳಿದರೆ ಎರಡೂ ಯಂತ್ರಗಳು ಯಾವ ಬ್ಲಾಸ್ (ಮ್ಯಾಟ್ರಿಕ್ಸ್ ಲೆಕ್ಕದ) ಲೈಬ್ರರಿ ಬಳಸುತ್ತಿವೆ ಎಂಬುದನ್ನು ಇಲ್ಲಿ ತಿಳಿಸಿ, ಮುಂದೆ ನೋಡೋಣ.