ಅಪ್‌ಸ್ಟೇಜ್, ಬ್ಲಾಕಿಂಗ್, ಕ್ಯೂ: ಚಾರ್ಟಿಗೆ ಕನ್ನಡ ಪದ ಬೇಕು, ತುರ್ತು

ಕೇಳಿದವರು, ಶಿವಮೊಗ್ಗ:
ಗೆಳೆಯರೇ, ರಂಗಶಿಬಿರಕ್ಕೆ ಬರುವ ಪಿಯುಸಿ ಮಕ್ಕಳಿಗೆ ಒಂದು ಚಾರ್ಟ್ ಮಾಡ್ತಿದ್ದೇವೆ. ಸೋಮವಾರ ಪ್ರಿಂಟಿಗೆ ಹೋಗಬೇಕು. ಅಪ್‌ಸ್ಟೇಜ್ (ವೇದಿಕೆಯ ಹಿಂಭಾಗ), ಡೌನ್‌ಸ್ಟೇಜ್ (ಮುಂಭಾಗ), ಬ್ಲಾಕಿಂಗ್ (ಯಾರು ಎಲ್ಲಿ ನಿಲ್ಲಬೇಕು, ಎಲ್ಲಿಗೆ ನಡೆಯಬೇಕು ಅನ್ನೋದು), ಕ್ಯೂ (ಮುಂದಿನವರು ಶುರು ಮಾಡೋದಕ್ಕೆ ಸಿಗೋ ಸೂಚನೆ), ವಾಯ್ಸ್ ಪ್ರೊಜೆಕ್ಷನ್, ಅಸೈಡ್ (ಮಿಕ್ಕ ಪಾತ್ರಗಳಿಗೆ ಕೇಳಿಸದ ಹಾಗೆ ಆಡೋ ಮಾತು). ಇಷ್ಟಕ್ಕೆ ಪದ ಬೇಕು. ಯಾರೋ ಮಾಡಿಕೊಟ್ಟ ಕರಡಿನಲ್ಲಿ ಮೇಲ್ವೇದಿಕೆ, ಕೆಳವೇದಿಕೆ, ತಡೆಹಾಕುವಿಕೆ ಅಂತಿದೆ. ಓದಿದ ಹುಡುಗನೊಬ್ಬ ‘ಮೇಲ್ವೇದಿಕೆಗೆ ಏಣಿ ಎಲ್ಲಿದೆ ಸಾರ್?’ ಅಂದ.

ಮೈಸೂರಿನಿಂದ:
ಇದೆಲ್ಲ ಭರತಮುನಿಯ ನಾಟ್ಯಶಾಸ್ತ್ರದಲ್ಲೇ ಇದೆ. ಹಿಂಭಾಗ ರಂಗಶೀರ್ಷ, ಮುಂಭಾಗ ರಂಗಪೀಠ. 64 ಮೊಳ ಉದ್ದ, 32 ಮೊಳ ಅಗಲದ ನಾಟ್ಯಮಂಟಪದಲ್ಲಿ ರಂಗಶೀರ್ಷ ಎತ್ತರಕ್ಕಿರಬೇಕು ಅಂತ ನಾಟ್ಯಶಾಸ್ತ್ರ ಹೇಳುತ್ತದೆ. ಅಂದಮೇಲೆ ‘ಮೇಲೆ’ ಅನ್ನುವುದೂ ನಮ್ಮದೇ. ಪ್ರೊಜೆಕ್ಷನ್‌ಗೆ ಧ್ವನಿಪ್ರಕ್ಷೇಪಣ. ಇದರಲ್ಲಿ ಚರ್ಚೆಗೇನಿದೆ?

ಹುಬ್ಬಳ್ಳಿಯಿಂದ:
ಪ್ರಕ್ಷೇಪಣ? ಸರ್, ಮಕ್ಕಳು ಮಾತಾಡೋದಾ, ರಾಕೆಟ್ ಹಾರಿಸೋದಾ? ತಾಲೀಮಿನಲ್ಲಿ ನಾವು ಹೇಳೋದು ‘ದನಿ ಕೊನೇ ಸಾಲಿಗೆ ಮುಟ್ಟಬೇಕು’ ಅಂತ. ‘ದನಿ ಮುಟ್ಟಿಸುವುದು’ ಅಂತ ಬರೀರಿ. ಪಕ್ಕದಲ್ಲೇ ‘ಕಿರಿಚುವುದಲ್ಲ’ ಅಂತಲೂ ಹಾಕಿ. ಗಂಟಲು ಬಿಗಿ ಹಿಡಿದು ಕೂಗಿದರೆ ಎರಡನೇ ಪ್ರದರ್ಶನಕ್ಕೇ ದನಿ ಕೂರುತ್ತದೆ. ಹೊಟ್ಟೆಯಿಂದ ಉಸಿರು ಎತ್ತಬೇಕು, ಪದದ ಕೊನೆಯ ಅಕ್ಷರ ನುಂಗಬಾರದು. ಅಷ್ಟು ಕಲಿತರೆ ಸಾಕು.

ಇನ್ನು ಅಪ್‌ಸ್ಟೇಜ್. ಯುರೋಪಿನ ಹಳೇ ರಂಗಮಂದಿರಗಳಲ್ಲಿ ನೆಲವೇ ಇಳಿಜಾರು, ಹಿಂದೆ ಎತ್ತರ. ಅದಕ್ಕೆ ಅವರಿಗೆ ಅಪ್. ನಮ್ಮದು ಸಪಾಟು. ‘ರಂಗದ ಹಿಂದೆ’ ಅಂದರೆ ಪರದೆ ಹಿಂದೆ ಹೋಗಿ ನಿಲ್ಲುತ್ತಾರೆ, ಸುಮ್ನೆ ಗೊಂದಲ. ಹಿನ್ನೆಲ, ಮುನ್ನೆಲ ಅಂದರೆ ಹೇಗೆ?

ಬೆಂಗಳೂರಿನಿಂದ:
ಹಿನ್ನೆಲ, ಮುನ್ನೆಲ ಒಪ್ಪಿದೆ. ಆದರೆ ತಾಲೀಮು ಯಾಕೆ? ಅದು ಅರಬ್ಬಿ. ‘ಪಳಗಿಕೆ’ ಅನ್ನಿ. ಪರದೆ ಪಾರಸಿ, ಅದೂ ಬೇಡ. ತೆರೆ ಇದೆಯಲ್ಲ.

ಹುಬ್ಬಳ್ಳಿಯಿಂದ:
ಸರಿ, ನೀವು ‘ತೆರೆ!’ ಅಂತ ಕೂಗಿ. ಹಗ್ಗ ಹಿಡಿದವನು ತೆರೆಯಬೇಕೋ, ತೆರೆ ಬಿಡಬೇಕೋ? ನಮ್ಮ ಕಡೆ ಕುಸ್ತಿ ಕಲಿಯೋ ಜಾಗಕ್ಕೂ ತಾಲೀಮು ಅಂತಾರೆ. ನೂರಾರು ಕಂಪನಿ ನಾಟಕಗಳು ಆ ಪದದ ಮೇಲೇ ನಡೆದಿವೆ. ಹಳ್ಳಿಯಲ್ಲಿ ಕುರುಕ್ಷೇತ್ರ ಆಡುವವರೂ ‘ದುರ್ಯೋಧನನ ಪಾರ್ಟು’, ‘ಸೀನು’ ಅಂತಾರೆ. ಅವರಿಗೆ ಹೋಗಿ ಹೇಳ್ತೀರಾ, ಅದು ಕನ್ನಡ ಅಲ್ಲ ಅಂತ?

ಬೆಂಗಳೂರಿನಿಂದ:
ಬಳಕೆಯಲ್ಲಿದೆ ಅಂದ ಮಾತ್ರಕ್ಕೆ ಸರಿಯಾಗಲ್ಲ.

ಕುಂದಾಪುರದಿಂದ:
ಜಗಳ ಆಮೇಲೆ ಆಡಿ ಮಾರಾಯ್ರೆ, ಸೋಮವಾರಕ್ಕೆ ಬೇಕಂತೆ. ಕ್ಯೂಗೆ ನಮ್ಮಲ್ಲಿ ಒಳ್ಳೆ ಪದ ಇದೆ. ತಾಳಮದ್ದಳೆಯಲ್ಲಿ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಆಡುವ ಯಕ್ಷಗಾನದಲ್ಲಿ, ಪದ್ಯಕ್ಕೆ ಅರ್ಥ ಹೇಳುವವರು ಮಾತು ಮುಗಿಸುವಾಗ ಮುಂದಿನ ಪದ್ಯಕ್ಕೆ ಎತ್ತುಗಡೆ ಕೊಡುತ್ತಾರೆ. ಆ ಮಾತು ಕಿವಿಗೆ ಬಿದ್ದ ಕೂಡಲೇ ಹಾಡುವ ಭಾಗವತರು ಪದ್ಯ ಎತ್ತುತ್ತಾರೆ. ಎತ್ತುಗಡೆ ಸರಿ ಕೊಡದಿದ್ದರೆ ಭಾಗವತರು ಜಾಗಟೆ ಹಿಡಿದು ಕಾಯುತ್ತಾ ಕೂರಬೇಕು. ನಾಟಕದಲ್ಲೂ ಅದೇ ಕೆಲಸ ಅಲ್ವಾ? ಗ್ರೀನ್‌ರೂಮಿಗೆ ಚೌಕಿ ಅನ್ನಿ, ಅದನ್ನು ಕೇಳಲೇ ಇಲ್ಲ ನೀವು. ಬ್ಲಾಕಿಂಗ್‌ಗೆ ಮಾತ್ರ ನಮ್ಮಲ್ಲೂ ಪದ ಇಲ್ಲ.

ಮೈಸೂರಿನಿಂದ:
ಬ್ಲಾಕಿಂಗ್‌ಗೆ ತಡೆ ಅನ್ನುವುದಂತೂ ಹಾಸ್ಯಾಸ್ಪದ. ಇಂಗ್ಲೆಂಡಿನ ನಾಟಕಕಾರ ಗಿಲ್ಬರ್ಟ್ ಪುಟ್ಟ ಮಾದರಿ ರಂಗದ ಮೇಲೆ ಮರದ ತುಂಡುಗಳನ್ನಿಟ್ಟು ಯಾರು ಎಲ್ಲಿ ನಿಲ್ಲಬೇಕು ಅಂತ ಗೊತ್ತು ಮಾಡುತ್ತಿದ್ದರು. ಆ ಪದ ಅಲ್ಲಿಂದಲೇ ಬಂತು ಅನ್ನುವವರಿದ್ದಾರೆ. ‘ರಂಗಚಲನೆ’ ಸಾಕು. ಅಸೈಡ್‌ಗೆ ಸ್ವಗತ ಅಂತ ಬರೆದುಬಿಡಬೇಡಿ. ತನಗೆ ತಾನೇ ಹೇಳಿಕೊಂಡರೆ ಸ್ವಗತ. ಮೂರು ಬೆರಳೆತ್ತಿದ ತ್ರಿಪತಾಕ ಹಸ್ತ ಅಡ್ಡ ಹಿಡಿದು, ಉಳಿದ ಪಾತ್ರಗಳಿಗೆ ಕೇಳಿಸದ ಹಾಗೆ ಇನ್ನೊಬ್ಬರ ಹತ್ತಿರ ಮಾತಾಡಿದರೆ ಜನಾಂತಿಕ. ಇಂಗ್ಲಿಷಿನವರು ಎರಡನ್ನೂ ಒಂದೇ ಪದದಲ್ಲಿ ತುರುಕಿದ್ದಾರೆ.

ಕೇಳಿದವರು, ಶಿವಮೊಗ್ಗ:
ಎಲ್ಲರಿಗೂ ಥ್ಯಾಂಕ್ಸ್. ಹಿನ್ನೆಲ, ಮುನ್ನೆಲ, ರಂಗಚಲನೆ, ಎತ್ತುಗಡೆ, ದನಿ ಮುಟ್ಟಿಸುವುದು, ಸ್ವಗತ, ಜನಾಂತಿಕ. ಇಷ್ಟು ಹಾಕ್ತೀನಿ. ತಾಲೀಮು ಹಾಗೇ ಇರುತ್ತೆ. ಎಡ, ಬಲ ಪ್ರೇಕ್ಷಕರ ಕಡೆ ಮುಖ ಮಾಡಿ ನಿಂತ ನಟನದು ಅಂತ ದಪ್ಪಕ್ಷರದಲ್ಲಿ ಬರೆಸ್ತೀನಿ. ಅಲ್ಲೇ ಜಾಸ್ತಿ ಎಡವೋದು.

ಮೈಸೂರಿನಿಂದ:
ರಂಗಶೀರ್ಷ ಬಿಟ್ಟಿದ್ದು ಸರಿಯಲ್ಲ. ಅಡಿಯಲ್ಲಿ ಸಣ್ಣಕ್ಷರದಲ್ಲಾದರೂ ಹಾಕಿ.